ಮ್ಯಾಕ್ರೊ ಕೊಟ್ಟ ನಾಲ್ಕು ದಿನ

ಶಾಂಭವಿ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಮರುದಿನ ಅವಳ ತಾಯಿಗೆ ಆಪರೇಷನ್. ನಾಲ್ಕು ದಿನ ರಜೆ ಕೇಳಿದ್ದಕ್ಕೆ ಸೂಪರಿಂಟೆಂಡೆಂಟ್ ಮೃತ್ಯುಂಜಯಪ್ಪನವರು ಆರುನೂರು ಪುಟದ ವರದಿಯೊಂದನ್ನು ತೋರಿಸಿದರು.

"ಪ್ರತಿ ಪ್ಯಾರಾದ ಮೊದಲ ಸಾಲು ಒಳಗೆ ಸರಿಯಬೇಕು, ಸಾಲುಗಳ ನಡುವೆ ಜಾಗ ಬಿಡಬೇಕು. ಇದನ್ನು ಮುಗಿಸಿ ಎಲ್ಲಿಗಾದರೂ ಹೋಗಮ್ಮ."

ಶಾಂಭವಿ ಒಂದು ಮ್ಯಾಕ್ರೊ ಬರೆದಳು. ಅಂದರೆ, ಮಾಡಬೇಕಾದ್ದನ್ನೆಲ್ಲ ಕಂಪ್ಯೂಟರಿಗೆ ಒಂದೇ ಸಲ ಹೇಳಿಕೊಟ್ಟಳು. ಗುಂಡಿ ಒತ್ತಿದ್ದೇ ತಡ, ಅದು ಪ್ಯಾರಾಗಳನ್ನೆಲ್ಲ ತಾನೇ ಸರಿಪಡಿಸುತ್ತಾ ಹೋಯಿತು. ಊಟದ ಹೊತ್ತಿಗೆ ಪ್ರಿಂಟಾದ ಕಟ್ಟು ಸಾಹೇಬರ ಮೇಜಿನ ಮೇಲಿತ್ತು.

ಅವರು ಕಟ್ಟನ್ನು ಬಿಚ್ಚಲೂ ಇಲ್ಲ. "ಇಷ್ಟು ಬೇಗ ಆಗಿದ್ದು ಒಂದು ಕೆಲಸವೇನಮ್ಮ? ಕೈಯಾರೆ ಮಾಡು."

ಶಾಂಭವಿ ಹಲ್ಲು ಕಚ್ಚಿಕೊಂಡಳು. "ಹಾಗಾದ್ರೆ ನಾಲ್ಕು ದಿನ ಬೇಕು ಸಾರ್. ಇಲ್ಲಿ ಗಲಾಟೆ, ಮನೆಗೆ ಒಯ್ದು ಮಾಡ್ಲಾ?"

"ಒಯ್ಯಿ. ಕಷ್ಟಪಟ್ಟು ಮಾಡು."

ನಾಲ್ಕು ದಿನವೂ ಅವಳು ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಕೂತಳು, ಚಮಚದಲ್ಲಿ ಗಂಜಿ ಕುಡಿಸಿದಳು. ಕಟ್ಟು ಮಂಚದ ಕೆಳಗಿತ್ತು. ಐದನೆಯ ದಿನ ಅದನ್ನೇ ತಂದು ಮೇಜಿನ ಮೇಲಿಟ್ಟಳು.

ಮೃತ್ಯುಂಜಯಪ್ಪನವರು ಪುಟ ತಿರುವಿ, ಕಚೇರಿಯವರನ್ನೆಲ್ಲ ಕರೆದರು. "ನೋಡ್ರಪ್ಪ, ಬೆವರು ಸುರಿಸಿ ಮಾಡಿದ್ರೆ ಪ್ಯಾರಾ ಹೇಗೆ ಬರುತ್ತೆ!"

ಆಮೇಲೆ ಅವಳತ್ತ ತಿರುಗಿ ಪ್ರೀತಿಯಿಂದಲೇ ಹೇಳಿದರು: "ಮನೆಯಲ್ಲೇ ಇಷ್ಟು ಚೆನ್ನಾಗಿ ಮಾಡ್ತೀಯಲ್ಲಮ್ಮ. ಇನ್ಮೇಲೆ ನಿನಗೆ ರಜೆಯೇ ಬೇಕಾಗಿಲ್ಲ ಬಿಡು."

"ಆಗ್ಲಿ ಸಾರ್" ಎಂದಳು. ಮೆಟ್ಟಿಲಿಳಿಯುವಾಗ ಅವಳಿಗೆ ನಗು ಬಂತು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದು ನಗುವಾಗಿ ಉಳಿದಿರಲಿಲ್ಲ.