ಮಾರ್ಥವ್ವನ ಬಾವಿ

ಕಡ್ಲಿಗೊಪ್ಪದ ಲುಥೆರನ್ ದೇವಾಲಯದ ಹಿಂದೆ, ಸಮಾಧಿಭೂಮಿಯ ಗೋಡೆಗೆ ಹತ್ತಿಕೊಂಡಂತೆ, ಕರಿಗಲ್ಲು ಕಟ್ಟಿದ ಬಾವಿಯೊಂದಿದೆ. ಅದನ್ನು ಮಾರ್ಥವ್ವನ ಬಾವಿ ಎನ್ನುತ್ತಾರೆ. ಹೆಸರು ಕೇಳಿದ ಪರವೂರಿನವರು, ಯಾರೋ ಉಳ್ಳವರ ಮನೆಯ ಹೆಣ್ಣುಮಗಳು ತೋಡಿಸಿದ್ದಿರಬೇಕು ಎಂದು ತಿಳಿಯುವುದುಂಟು. ಹಾಗೇನಿಲ್ಲ. ತೋಡಿಸಿದವರು ಮಿಶನ್ನಿನವರು. ಮಾರ್ಥವ್ವನಿಗೆ ಗೇಣಗಲ ನೆಲವೂ ಇರಲಿಲ್ಲ. ಹಾಗೆ ನೋಡಿದರೆ ಈ ಬಾವಿಯ ಒಂದು ದಂಡೆಯನ್ನು ಮುಟ್ಟುವ ಹಕ್ಕೂ ಅವಳಿಗಿರಲಿಲ್ಲ.

ಹಿಂದೆ ಒಮ್ಮೆ, ಜನ ಗಡ್ಡದಯ್ಯನೆಂದು ಕರೆಯುತ್ತಿದ್ದ ಜರ್ಮನ್ ಪಾದ್ರಿಯ ಕಾಲದಲ್ಲಿ, ಊರ ನೇಕಾರರ ಹದಿನಾಲ್ಕು ಮನೆಗಳೂ ಚರ್ಮದ ಕೆಲಸದವರ ಒಂಬತ್ತು ಮನೆಗಳೂ ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆಗೆ ಸೇರಿದವು. ದೇವಾಲಯದೊಳಗೆ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಹಾಡು ಹಾಡುತ್ತಿದ್ದವರು ಬಾವಿಗೆ ಬಂದರೆ ಸಾಕು, ಎರಡಾಗಿಬಿಡುತ್ತಿದ್ದರು. ಮೂಡಣ ದಂಡೆ ನೇಕಾರರದು, ಪಡುವಣ ದಂಡೆ ಚರ್ಮದ ಕೆಲಸದ ಕೇರಿಯವರದು. ಹಗ್ಗ ಬೇರೆ, ಕೊಡ ಬೇರೆ. ಒಳಗಿನ ನೀರು ಮಾತ್ರ ಒಂದೇ ಎಂಬುದು ಯಾರಿಗೂ ಹೊಳೆಯಲಿಲ್ಲ, ಹೊಳೆದರೂ ಬಾಯಿಬಿಡಲಿಲ್ಲ. ಪಾದ್ರಿ ಬೈದ, ಬೇಡಿಕೊಂಡ, ಒಂದು ಭಾನುವಾರ ಪ್ರಸಂಗ ಮಾಡುತ್ತ ಅತ್ತೇಬಿಟ್ಟ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಸೋಮವಾರ ತಮ್ಮ ತಮ್ಮ ಹಗ್ಗ ಹಿಡಿದು ಬಂದರು.

ಈ ಎರಡು ಹಗ್ಗದ ಕಟ್ಟಳೆಯನ್ನು ಕಾಯುತ್ತಿದ್ದವನು ಸಭೆಯ ಹಿರಿಯ, ನೇಕಾರ ಯೋಬಪ್ಪ. ಕೆಟ್ಟವನಲ್ಲ, ಆದರೆ ಮಹಾ ಬಿಗಿ ಮನುಷ್ಯ. ಮಗ್ಗದಲ್ಲಿ ಒಂದೆಳೆ ತಪ್ಪಿದರೂ ಮೊಳ ಬಟ್ಟೆ ಬಿಚ್ಚುವವನು. ದೀಕ್ಷಾಸ್ನಾನವಾಗದೆ ತೀರಿಕೊಂಡ ಕೂಸುಗಳನ್ನು ಸಮಾಧಿಭೂಮಿಯ ಗೋಡೆಯ ಹೊರಗೇ ಹೂಳಬೇಕೆಂಬುದು ಅವನು ಕಾಯುತ್ತಿದ್ದ ಇನ್ನೊಂದು ಕಟ್ಟಳೆ. ಎಷ್ಟು ತಾಯಂದಿರು ಕಾಲು ಹಿಡಿದರೂ ಅವನು ಜಗ್ಗಿದವನಲ್ಲ.

ಒಂದು ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳು ಕರುಣವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಪಾದ್ರಿ ಸುವಾರ್ತೆ ಸಾರಲು ಹೊಳೆಯಾಚೆಯ ಹಳ್ಳಿಗಳಿಗೆ ಹೋಗಿದ್ದ. ಸೂಲಗಿತ್ತಿ ಮಾರ್ಥವ್ವ ಕೇರಿಯವಳು. ನೇಕಾರರ ಹೆಂಗಸರಿಗೆ ಹೆರಿಗೆಯ ಹೊತ್ತಿಗೆ ಅವಳ ಕೈ ಬೇಕಿತ್ತು, ಆದರೆ ಆ ಕೈ ಮನೆಯ ನೀರಿನ ಹರವಿಯನ್ನು ಮುಟ್ಟುವಂತಿರಲಿಲ್ಲ. ನಡುಹಗಲಲ್ಲಿ ಹುಟ್ಟಿದ ಹೆಣ್ಣುಕೂಸು ಅಳಲಿಲ್ಲ. ಉಸಿರು ಹಿಡಿದು ಹಿಡಿದು ಬಿಡುತ್ತಿತ್ತು. ಕರುಣವ್ವನಿಗೆ ಎಚ್ಚರವಿರಲಿಲ್ಲ. ಮನೆಯ ಹೆಂಗಸರು ಮಗ್ಗದ ಮನೆಯಿಂದ ಯೋಬಪ್ಪನನ್ನು ಕರೆತರಲು ಓಡಿದರು. ಅವನು ಬರುವಷ್ಟರಲ್ಲಿ ಮಾರ್ಥವ್ವ ತಾನು ಕುಡಿಯಲು ತಂದಿಟ್ಟುಕೊಂಡಿದ್ದ ತಂಬಿಗೆಯ ನೀರನ್ನು ಕೂಸಿನ ನೆತ್ತಿಗೆ ಮೂರು ಸಲ ಹನಿಸಿ, ದೀಕ್ಷಾಸ್ನಾನದ ಮಾತು ಹೇಳಿ ಮುಗಿಸಿದ್ದಳು.

“ಯಾರ ಅಪ್ಪಣಿ ಮ್ಯಾಲೆ ಮಾಡ್ದಿ? ಇದು ದೀಕ್ಷಾಸ್ನಾನನs ಅಲ್ಲ!” ಎಂದು ಯೋಬಪ್ಪ ಬಾಗಿಲಲ್ಲೇ ಗುಡುಗಿದ. ಓಣಿಯ ಜನವೆಲ್ಲ ಆ ಮಾತು ಕೇಳಿದರು. ಗಳಿಗೆಯೊಳಗೆ ಕೂಸು ತೀರಿಕೊಂಡಿತು.

ಆ ಸುಡುಬೇಸಿಗೆಯಲ್ಲಿ ಪಾದ್ರಿ ಬರುವತನಕ ಕಾಯುವಂತಿರಲಿಲ್ಲ. ಹಿರಿಯನೇ ಮಣ್ಣು ಮಾಡಿಸಬೇಕಿತ್ತು. ಅಳಿಯ ಲೇವೆಪ್ಪ ಗುದ್ದಲಿ ಹಿಡಿದು ಬಂದು ನಿಂತ.

“ಮಾವಾರ, ಕುಣಿ ಎಲ್ಲಿ ತೋಡ್ಲಿ? ಗ್ವಾಡಿ ಒಳಗೋ, ಹೊರಗೋ?”

ಹೊರಗೆ ಎಂದರೆ ಯೋಬಪ್ಪ ತನ್ನ ರಕ್ತವನ್ನೇ ಆಚೆ ಹಾಕಿದಂತೆ. ಒಳಗೆ ಎಂದರೆ ಆ ತಂಬಿಗೆಯ ನೀರು ದೇವರ ನೀರೆಂದು ತಾನೇ ಒಪ್ಪಿದಂತೆ. ಮತ್ತೆ ಯಾವ ಮುಖದಿಂದ ಎರಡು ಹಗ್ಗ ಕಾಯುವುದು? ಮನೆಯೊಳಗೆ ಎಚ್ಚರಗೊಂಡ ಮಗಳು ಅಳುತ್ತಿದ್ದಳು. ಕೊನೆಗೆ, ಬೇಲಿಯಾಚೆ ತಂಬಿಗೆ ಹಿಡಿದು ನಿಂತಿದ್ದ ಮಾರ್ಥವ್ವನ ಕಡೆ ತಿರುಗಿದ.

“ಏನೇನು ಅಂದಿ, ನೀರು ಹಾಕುವಾಗ?”

“ತಂದೆಯ, ಮಗನ, ಪವಿತ್ರಾತ್ಮನ ಹೆಸರಿನ್ಯಾಗ ಅಂದೆ ರೀ. ಜೀವ ಹೋಗೂ ಕೂಸಿಗೆ ಸಭಾದವರು ಯಾರರ ದೀಕ್ಷಾಸ್ನಾನ ಕೊಡಬಹುದು ಅಂತ ಪ್ರಶ್ನೋತ್ತರದ ಪಾಠದಾಗ ನೀವs ಕಲಿಸೀರಿ.”

“ಮನ್ಯಾಗ ಹರವಿ ತುಂಬ ನೀರಿತ್ತಲ್ಲ?”

“ಅದನ್ನ ಮುಟ್ಟಬ್ಯಾಡ ಅಂತ ಕಲಿಸಿದವರೂ ನೀವs ಅಲ್ಲೇನ್ರಿ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು. ಅವನು, “ಹೆಸರು?” ಎಂದ.

“ಎಸ್ತೇರವ್ವ ಅಂತ ಇಟ್ಟೆ ರೀ. ನಿಮ್ಮ ಮನಿಯಾಕಿ ಹೆಸರು. ಹಂಗs ಹೋಗಬಾರದು, ಕೂಸು ತನ್ನ ಮಂದೀದು ಏನರ ಒಯ್ಯಲಿ ಅನಿಸ್ತು.”

ಸತ್ತ ಹೆಂಡತಿಯ ಹೆಸರು ಕೇಳಿದ್ದೇ ತಡ, ಅಲ್ಲಿಯವರೆಗೆ ಯಾರೆದುರೂ ಕಣ್ಣೀರು ಹಾಕದ ಯೋಬಪ್ಪ ದನಿ ತೆಗೆದು ಅತ್ತನಂತೆ. ಅಳುತ್ತಲೇ, “ಒಳಗ ತೋಡು, ಲೇವೆಪ್ಪಾ. ಎಸ್ತೇರಿಯ ಮಗ್ಗಲಾಗs ತೋಡು” ಎಂದನಂತೆ.

ಮಣ್ಣು ಮಾಡಿದ ಮೇಲೆ ಕೈಕಾಲು ತೊಳೆಯಲು ಜನ ಬಾವಿಗೆ ಬಂದರು. ನೇಕಾರರು ಮೂಡಣ ದಂಡೆಗೆ ಹೋದರೆ ಯೋಬಪ್ಪ ನೇರ ಪಡುವಣ ದಂಡೆಗೆ ನಡೆದು, ಮಾರ್ಥವ್ವನೆದುರು ಬೊಗಸೆಯೊಡ್ಡಿ, “ನೀರು ಹಾಕವ್ವ” ಎಂದ. ಅವಳು ತನ್ನ ತಂಬಿಗೆಯಿಂದ ನೀರು ಹಾಕಿದಳು. ಅದನ್ನು ಅವನು ಕುಡಿದ. ಎಲ್ಲರ ಮನಸ್ಸೂ ಅಂದೇ ತೊಳೆದುಹೋಯಿತೆಂದರೆ ಸುಳ್ಳಾದೀತು. ನಾಲ್ಕು ಮನೆಯವರು ಸಭೆಯನ್ನೇ ಬಿಟ್ಟರು, ಯೋಬಪ್ಪನ ಒಡಹುಟ್ಟಿದ ತಮ್ಮನೇ ಸಾಯುವತನಕ ಅವನ ಮನೆಯಲ್ಲಿ ಉಣ್ಣಲಿಲ್ಲ. ಆದರೆ ಮೂಡಣ ದಂಡೆಯ ರಾಟೆಯನ್ನು ಯೋಬಪ್ಪ ತಾನೇ ಕಿತ್ತು ತೆಗೆದ. ನೀರು ಬೇಕೆಂದವರು ಮಾರ್ಥವ್ವನ ಕಡೆಗೇ ಬರಬೇಕಾಯಿತು. ಬಾವಿಗೆ ಅವಳ ಹೆಸರು ನಿಂತದ್ದು ಹೀಗೆ ಎನ್ನುತ್ತಾರೆ.

ಇಂದಿಗೂ ಇಲ್ಲಿ ಕೂಸಿಗೆ ದೀಕ್ಷಾಸ್ನಾನವಾಗುವ ದಿನ ಸಭೆಯ ಹಿರಿಯ ಮೊದಲು ಈ ಬಾವಿಗೆ ಬಂದು, ಯಾರಾದರೂ ಹೆಣ್ಣುಮಗಳ ಕೈಯಿಂದ ಬೊಗಸೆ ನೀರು ಕುಡಿಯುತ್ತಾನೆ. ನೆಂಟರಾಗಿ ಬಂದ ಹೊಸಬರು, ಪಾಪ ಹಿರಿಯರಿಗೆ ಬಾಯಾರಿದೆ ಎಂದುಕೊಳ್ಳುತ್ತಾರೆ. ಗೋಡೆಯ ಒಳಗೆ, ಎರಡು ಸಮಾಧಿಗಳು ಮಗ್ಗಲು ಮಗ್ಗಲಾಗಿವೆ. ಚಿಕ್ಕದರ ಮೇಲೊಂದು ಕಲ್ಲು. ಯೋಬಪ್ಪ ತನ್ನ ಕೈಯಿಂದಲೇ ಕೆತ್ತಿದನಂತೆ, ಸಾಲು ಸೊಟ್ಟಗಿದೆ. ಅದರ ಮೇಲೆ ತಂದೆತಾಯಿಯ ಹೆಸರಿಲ್ಲ, ಯೋಬಪ್ಪನ ಹೆಸರೂ ಇಲ್ಲ. ಇರುವುದು ಇಷ್ಟೇ: “ಎಸ್ತೇರವ್ವ. ದೀಕ್ಷಾಸ್ನಾನ ಕೊಟ್ಟವರು ಮಾರ್ಥವ್ವನವರು.”