ಲೈಕಿಗೊಂದು ಗರಿಕೆ

ಊರೆಲ್ಲ ನೋಡುವ ಬೇಲಿಯೊಂದು ಕಾಗೆಯ ಸ್ವತ್ತಾಗಿತ್ತು. ಅಲ್ಲಿ ಹೇಳಿದ ಪದ್ಯಕ್ಕೆ ಯಾರಾದರೂ ತಲೆದೂಗಿದರೆ ಅದೇ ಲೈಕು. ಲೈಕಿಗೊಂದು ಎಸಳು ಗರಿಕೆ ಕಾಗೆ ಕೊಡುತ್ತಿತ್ತು. ಕವಿ ಮಿಡತೆಯ ಹೊಟ್ಟೆಪಾಡು ಅದರಲ್ಲೇ ನಡೆದಿತ್ತು.

ಒಂದು ದಿನ ಓತಿಕ್ಯಾತವೊಂದು ಬಂದು ಕೂತು, ಮೊದಲ ಸಾಲಿಗೇ ತಲೆದೂಗತೊಡಗಿತು.

"ಮಿಡತಕ್ಕಾ, ಇಂಥ ರಸಿಕರು ಸಿಗೋದಿಲ್ಲ, ನಿಲ್ಲಿಸಬೇಡ," ಎಂದಿತು ಕಾಗೆ, ಗರಿಕೆ ಪೇರಿಸುತ್ತ.

ಸಾಲು ಸಾಲಿಗೂ ಓತಿಕ್ಯಾತ ಬೆರಳಷ್ಟು ಹತ್ತಿರ ಸರಿಯಿತು. ಮಿಡತೆ ಅರ್ಧ ಸಾಲಿಗೇ ಬಾಯಿ ಮುಚ್ಚಿತು. ಎದುರಿನ ತಲೆ ಮಾತ್ರ ತೂಗುತ್ತಲೇ ಇತ್ತು.

"ರಾಯರೇ, ಪದ್ಯ ನಿಂತಿದೆ," ಎಂದಿತು ಮಿಡತೆ.

"ನಿಲ್ಲಲಿ ಬಿಡಮ್ಮ, ಪದ್ಯಕ್ಕೆ ಯಾರು ಬಂದಿದ್ದರು?" ಎಂದು ಓತಿಕ್ಯಾತ ಬಾಯಿ ತೆರೆಯಿತು.

ಮಿಡತೆ ಒಂದೇ ನೆಗೆತಕ್ಕೆ ಬೇಲಿಯಾಚೆ ಹಾರಿತು.

"ನಿನ್ನ ಗರಿಕೆ?" ಎಂದು ಕಾಗೆ ಕೂಗಿತು.

"ಆ ರಸಿಕರಿಗೇ ಬಡಿಸು, ಹಸಿದು ಬಂದಿದ್ದಾರೆ."