ಕವಣೆ ಬಿಟ್ಟ ಕ್ಷಣ

"ಗುರುಗಳೇ, ವೇಗವೆಂದರೆ ಎರಡು ಕ್ಷಣಗಳ ನಡುವಿನ ಮಾತು. ಇಲ್ಲಿಂದ ಅಲ್ಲಿಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ಹೇಳುತ್ತೇವೆ. ಆದರೆ ಒಂದೇ ಒಂದು ಕ್ಷಣದಲ್ಲಿ ಯಾವ ವಸ್ತುವಾದರೂ ಇದ್ದಲ್ಲೇ ಇರುತ್ತದೆ. ಹಾಗಿದ್ದ ಮೇಲೆ ಆ ಕ್ಷಣದ ವೇಗ, ಆ ಕ್ಷಣದ ದಿಕ್ಕು ಎಂಬುದು ಎಲ್ಲಿಂದ ಬಂತು?"

ಕೇಳಿದವನು ಉಳವಪ್ಪ, ಎಂಟು ವರ್ಷ ಗುರುವಿನ ಬಳಿ ಗಣಿತ ಕಲಿತವನು. ಅಂದು ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿಟ್ಟಿದ್ದ. ಗುರು ಹೂಂ ಅಂದರೆ ಹೊರಡುವುದೊಂದೇ ಬಾಕಿ. ಇದೊಂದು ಸಂಶಯ ತೀರಿದರೆ ತನ್ನ ವಿದ್ಯೆ ತುಂಬಿತು ಎಂದು ಅವನು ನಂಬಿದ್ದ. ಎಷ್ಟು ಕಲಿತಿದ್ದೇನೆ ಎಂಬ ಜಂಬವೂ ಒಂದಿಷ್ಟು ಇತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೊಲದಲ್ಲಿ ಜೋಳದ ತೆನೆ ಹಾಲು ತುಂಬಿ ನಿಂತಿತ್ತು. ವರ್ಷದ ರೊಟ್ಟಿ ಆ ಒಂದು ಹೊಲದಿಂದಲೇ ಬರಬೇಕು. ಅಷ್ಟರಲ್ಲಿ ಗಿಳಿಗಳ ಹಿಂಡು ಬಂದಿಳಿಯಿತು. ರೈತ ಕವಣೆ ಹಿಡಿದು ಅಟ್ಟಣೆ ಹತ್ತಿದ. ಅಪ್ಪ ಇರುವ ತನಕ ಕವಣೆ ಅಪ್ಪನ ಕೈಯಲ್ಲಿತ್ತು. ಇವನು ಬೀಸಿದ್ದು ಅದೇ ಮೊದಲು. ತಲೆಯ ಮೇಲೆ ಗರಗರ ತಿರುಗಿಸಿದ. ಕಲ್ಲು ಸರಿಯಾಗಿ ಗಿಳಿಗಳ ಎದುರಿಗೆ ಬಂದಾಗ ಹುರಿ ಬಿಟ್ಟ. ಕಲ್ಲು ಬಲಕ್ಕೆ ಹಾರಿ ಬದುವಿನ ಮೇಲೆ ಬಿತ್ತು. ಗಿಳಿಗಳು ತಲೆಯನ್ನೂ ಎತ್ತಲಿಲ್ಲ.

ಹುರಿ ಸರಿಯಿಲ್ಲ ಎಂದು ಹೊಸ ಹುರಿ ಹೊಸೆದ. ಕಲ್ಲು ಸರಿಯಿಲ್ಲ ಎಂದು ಹಳ್ಳದಿಂದ ಗುಂಡುಗಲ್ಲು ತಂದ. ಕೊನೆಗೆ ಗಾಳಿಯನ್ನೂ ಬೈದ. ಕುಣಿಯಲಾರದವಳಿಗೆ ನೆಲ ಡೊಂಕು. ಐದು ದಿನದಲ್ಲಿ ಅರ್ಧ ಹೊಲ ಬರಿದಾಯಿತು. ಅವನಿಗೆ ಅಳುವೇ ಬಂತು.

ಬಿದ್ದ ಕಲ್ಲುಗಳನ್ನು ದಿನವೂ ಮಡಿಲಲ್ಲಿ ಆಯ್ದು ತಂದು ಕೊಡುತ್ತಿದ್ದವಳು ಅವನ ಹೆಂಡತಿ. ಆರನೆಯ ದಿನ ಅವಳು ಹೇಳಿದಳು: "ಏನ್ರೀ, ಎಲ್ಲಾ ಕಲ್ಲೂ ಬಲಗಡೆ ಬದುವಿಗೇ ಬಿದ್ದಾವ. ಒಂದರ ಹಾದೀನೂ ತಪ್ಪಿಲ್ಲ. ನೀವು ಕಲ್ಲು ಎಲ್ಲೈತಿ ಅಂತ ನೋಡಿ ಬಿಡ್ತೀರಿ. ಎತ್ತ ಹೊಂಟೈತಿ ಅಂತ ನೋಡ್ರಿ."

ರೈತ ಮತ್ತೆ ಬೀಸಿದ. ಕಲ್ಲು ಗಿಳಿಗಳ ಎದುರಿಗೆ ಬಂದಾಗ ಅದು ಬಲಕ್ಕೆ ಹೊರಟಿರುತ್ತಿತ್ತು. ಎಡಕ್ಕೆ ಬಂದಾಗ ಗಿಳಿಗಳತ್ತ ಹೊರಟಿರುತ್ತಿತ್ತು. ಕಲ್ಲು ಎಡಕ್ಕಿದ್ದಾಗಲೇ ಹುರಿ ಬಿಟ್ಟ. ಅದು ನೆಟ್ಟಗೆ ಹೋಗಿ ಹಿಂಡಿನ ನಡುವೆ ಬಿತ್ತು. ಗಿಳಿಗಳು ಎದ್ದು ಹೋದವು. ಉಳಿದರ್ಧ ಹೊಲ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಉಳವಪ್ಪನಿಗೆ ಸಮಾಧಾನವಾಗಲಿಲ್ಲ.

"ದಿಕ್ಕು ತಿಳಿದದ್ದು ಬಿಟ್ಟ ಮೇಲೆ. ಬಿಡುವ ಕ್ಷಣದಲ್ಲಿಯೇ ಅದು ಇತ್ತು ಎನ್ನುವುದು ಹೇಗೆ?"

"ಬಿಟ್ಟಾಗ ರೈತ ಕಲ್ಲಿಗೆ ಹೊಸದಾಗಿ ಏನು ಕೊಟ್ಟ? ಏನೂ ಇಲ್ಲ. ಎಳೆದು ಹಿಡಿದಿದ್ದನ್ನು ನಿಲ್ಲಿಸಿದ, ಅಷ್ಟೆ. ಆ ಕ್ಷಣದಲ್ಲಿ ಕಲ್ಲಿನದಾಗಿದ್ದ ನಡೆಯೇ ಆಮೇಲೆ ಕಣ್ಣಿಗೆ ಕಂಡಿತು. ಅದರ ಸುತ್ತನ್ನು ತುಂಡು ಮಾಡುತ್ತ ಹೋಗು. ತುಂಡು ಸಣ್ಣದಾದಷ್ಟೂ ಡೊಂಕು ಕಡಿಮೆಯಾಗುತ್ತದೆ, ಅದು ಒಂದು ನೇರ ಗೆರೆಗೆ ಹತ್ತಿರ ಹತ್ತಿರ ಬರುತ್ತದೆ. ಆ ಗೆರೆಯೇ ಆ ಕ್ಷಣದ ದಿಕ್ಕು. ವೇಗವನ್ನೂ ಹೀಗೆಯೇ, ಹೊತ್ತನ್ನು ಸಣ್ಣದು ಮಾಡುತ್ತ ಹೋಗಿ ಹಿಡಿಯಬೇಕು."

ಉಳವಪ್ಪ ಬೆರಳಿನಿಂದ ಮಣ್ಣಿನ ಮೇಲೆ ಒಂದು ಸುತ್ತು ಬರೆದ. ಅದನ್ನು ಒಂದೇ ಕಡೆ ಮುಟ್ಟಿ ಹೋಗುವ ಒಂದು ಗೆರೆ ಎಳೆದ. ಬಹಳ ಹೊತ್ತು ನೋಡಿದ. ಅವನ ಮುಖ ಅರಳಿತು. ಎದ್ದು ಗುರುವಿನ ಕಾಲಿಗೆ ನಮಸ್ಕರಿಸಿದ.

"ತಿಳಿಯಿತು ಗುರುಗಳೇ. ಇನ್ನು ಕಲಿಯುವುದು ಉಳಿದಿಲ್ಲ. ಅಪ್ಪಣೆ ಕೊಡಿ, ಹೊರಡುತ್ತೇನೆ."

ಗುರುಗಳು ಅವನನ್ನೇ ನೋಡಿದರು.

"ಎಂಟು ವರ್ಷ ನನ್ನ ಸುತ್ತಲೇ ತಿರುಗಿದೆಯಲ್ಲ ಉಳವಪ್ಪ, ಈ ಕ್ಷಣ ನಾನು ಕೈ ಬಿಟ್ಟರೆ ನೀನು ಎತ್ತ ಹೋಗುತ್ತೀ?"

ಉಳವಪ್ಪ ಮಣ್ಣಿನ ಮೇಲೆ ತಾನೇ ಎಳೆದ ಗೆರೆಯನ್ನು ಮತ್ತೆ ನೋಡಿದ. ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿದ.